ಜಿಂಕೆಯ ಹಿಂದಿನ ಆಕಾಶ

ಹೆಮ್ಲಾಕ್ ರನ್, ಪೆನ್ಸಿಲ್ವೇನಿಯಾ
ಡಿಸೆಂಬರ್ ೪, ಬುಧವಾರ

ಮುದ್ದಿನ ಮಗ ಕರ್ಟಿಸ್,

ಹೇಗಿದ್ದೀಯಪ್ಪ? ಹಡಗಿನ ಮೇಲಿನ ಚಳಿಗಾಳಿಗೆ ಕೆಮ್ಮು ಜಾಸ್ತಿಯಾಗಿಲ್ಲ ತಾನೆ? ನಾನು ಕಳಿಸಿದ ಉಣ್ಣೆಯ ಟೋಪಿ ಹಾಕಿಕೊಳ್ಳುತ್ತೀಯೋ, ಜೊತೆಯವರು ನಗುತ್ತಾರೆಂದು ಪೆಟ್ಟಿಗೆಯಲ್ಲೇ ಇಟ್ಟಿದ್ದೀಯೋ, ನನಗೆ ಗೊತ್ತು ಬಿಡು. ನನ್ನ ಮಂಡಿನೋವು ಹಾಗೇ ಇದೆ. ನಿನ್ನಪ್ಪನ ವಿಷಯ ಬರೆಯಬೇಕು.

ಶನಿವಾರ ಜಿಂಕೆ ಬೇಟೆ ಶುರುವಾಯಿತು. ಎಂದಿನಂತೆ ನಿನ್ನ ಚಿಕ್ಕಪ್ಪ ಮರ್ಲ್ ಬಂದಿದ್ದ. ಅಪ್ಪ ಕಿತ್ತಳೆ ಬಣ್ಣದ ಕೋಟು ತೊಟ್ಟು, ಬೆಳಕು ಹರಿಯುವ ಮೊದಲೇ ಹಿತ್ತಲಿನ ಮಚಾನು ಹತ್ತಿ ಕೂತರು. ದೊಡ್ಡ ಕೊಂಬಿನ ಗಂಡು ಜಿಂಕೆಯೊಂದು ದಿಬ್ಬದ ನೆತ್ತಿಗೆ ಬಂದು ನಿಂತಿತಂತೆ. ಅದರ ಹಿಂದೆ ಬರೀ ಆಕಾಶ. ಇವರು ಹೊಡೆದರು, ತಪ್ಪಿತು. ಗುರಿ ತಪ್ಪಿದವನ ಅಂಗಿಯ ಹಿಂದಿನ ಅಂಚು ಕತ್ತರಿಸಿ ಗೋಡೆಗೆ ಮೊಳೆ ಹೊಡೆಯುವ ಶಾಸ್ತ್ರ ನಮ್ಮಲ್ಲಿ ಯಾರನ್ನೂ ಬಿಟ್ಟಿಲ್ಲವಲ್ಲ. "ಅತ್ತಿಗೆ, ದೊಡ್ಡ ಕತ್ತರಿ ತನ್ನಿ, ಅಣ್ಣ ಇವತ್ತು ಮೋಡದ ಬೇಟೆ ಆಡಿದಾನೆ" ಅಂತ ಮರ್ಲ್ ಕುಣಿದ. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಮರ್ಲ್ ಮೊಳೆ ಹೊಡೆಯುತ್ತಿರುವಾಗಲೇ, ದಿಬ್ಬದಾಚೆ ಹೊಲದ ಕೊನೆಯಲ್ಲಿ ಹೊಸ ಮನೆ ಕಟ್ಟಿದ್ದಾರಲ್ಲ, ಆ ಮನೆಯ ಡಾನಾ ಕಾರಿನಿಂದ ಇಳಿದು ಬಂದಳು. ಹಿಮದಲ್ಲಿ ಬರೀ ಕಾಲುಚೀಲ, ಕಂಕುಳಲ್ಲಿ ಮಗು. "ನಮ್ಮ ಅಡುಗೆಮನೆ ಗೋಡೆ ತೂರ್ಕೊಂಡು ಗುಂಡು ಬಂದಿದೆ. ನಿಮ್ಮ ಕಡೆಯಿಂದ್ಲೇ" ಅಂದಳು, ಅಷ್ಟೇ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಎಲ್ಲರೂ ಹೋಗಿ ನೋಡಿದೆವು. ತೂತು ಇದ್ದದ್ದು ಮಗುವನ್ನು ಕೂರಿಸಿ ಉಣಿಸುವ ಕುರ್ಚಿಯ ಪಕ್ಕದಲ್ಲೇ. ಬಾಯಿ ತೊಳೆಯಲೆಂದು ಅದನ್ನು ಆಗತಾನೆ ಎತ್ತಿಕೊಂಡಿದ್ದಳಂತೆ. ಅಪ್ಪ ಆ ತೂತಿಗೆ ಬೆರಳಿಟ್ಟು ನಿಂತವರು, ಎಷ್ಟು ಕರೆದರೂ ನಮ್ಮ ಕಡೆ ತಿರುಗಲಿಲ್ಲ. "ಜಿಂಕೆ ಹಿಂದೆ ಮಣ್ಣು ಕಾಣದಿದ್ರೆ ಬೆರಳು ಅಲ್ಲಾಡಿಸ್ಬೇಡ" ಅಂತ ನಿನಗೆ ನೂರು ಸಲ ಹೇಳಿ ಬೆಳೆಸಿದವರು ಅವರೇ.

ಬೇಟೆ ಇಲಾಖೆಯವನು ಬಂದು ಬಂದೂಕು ತೆಗೆದುಕೊಂಡು ಹೋದ. ಕೇಸು ನಡೆಯುತ್ತದೆ. ಮಚಾನಿನಲ್ಲಿ ಗುಂಡು ಹೊಡೆಯುವ ಕಿಂಡಿಯನ್ನು ದಿಬ್ಬದ ಕಡೆ ಇಟ್ಟಿದ್ದು ಯಾರು ಎಂದು ಅವನು ಕೇಳಿದಾಗ ಅಪ್ಪ "ನಾನೇ" ಅಂದರು. ಆಮೇಲೆ ಅವರಿಗೆ ಊಟ ಸೇರುತ್ತಿಲ್ಲ. ಒಂಬತ್ತು ತಿಂಗಳ ಕೂಸು ಕಣೋ ಅದು.

ಮರ್ಲ್ ನೀನು ಹೇಗಿದ್ದೀಯೆಂದು ಕೇಳಿದ. ನೀರಿನ ಮೇಲಿರುವವನನ್ನು ದೇವರು ಕಾಯಲಿ.

ನಿನ್ನ ಅಮ್ಮ,
ಆರ್ಲೀನ್

ವಿ.ಸೂ.: ಅಂಚೆ ಗಾಡಿ ಬಂತು, ಬೇಗ ಹೇಳಿಬಿಡುತ್ತೇನೆ. ಮೊದಲು ಆ ಕಿಂಡಿ ಹಳ್ಳದ ಕಡೆಗಿತ್ತು, ಗುಂಡು ತಪ್ಪಿದರೂ ಮಣ್ಣಿಗೇ ಹೋಗುತ್ತಿತ್ತು. ಸೆಪ್ಟೆಂಬರಿನಲ್ಲಿ ರಜೆಗೆ ಬಂದಾಗ ಅದನ್ನು ದಿಬ್ಬದ ಕಡೆ ತಿರುಗಿಸಿದವನು ನೀನು. "ಮನೆ ದಿಬ್ಬದ ಮರೇಲಿದೆ, ಗುಂಡು ಅದರ ಮೇಲಿಂದ ಹಾದು ಹೋಗುತ್ತೆ ಬಿಡಮ್ಮ" ಅಂದಿದ್ದೆ. "ಅವನ ಹೆಸರು ಎತ್ಬೇಡ, ಟ್ರಿಗರ್ ಎಳೆದ ಬೆರಳು ನಂದು" ಅಂತ ಅಪ್ಪ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ. ಅದೂ ನಿಜವೇ. ಆದರೂ ಆಣೆ ಮುರಿದು ಬರೆದಿದ್ದೇನೆ. ಕ್ರಿಸ್‌ಮಸ್ಸಿಗೆ ಬಂದಾಗ ನೇರ ನಮ್ಮ ಮನೆಗೆ ಬರಬೇಡ. ಮೊದಲು ಹೋಗಿ ಡಾನಾಳ ಬಾಗಿಲು ತಟ್ಟು.