ಶ್ರಾವಣ ಸೋಮವಾರದ ಹಂದಿಗಳು

23 ಜುಲೈ 2001, ಸೋಮವಾರ

ಬಿಳೇಕಹಳ್ಳಿ ಆಚೆಯ ಶೆಡ್. ಇವತ್ತೂ ಹನ್ನೆರಡು ಹಂದಿ. ಬೆನ್ನಿಗೆ ಎಣ್ಣೆ ಸವರಿ, ಅಲ್ಟ್ರಾಸೌಂಡ್ ಪ್ರೋಬ್ ಒತ್ತಿ, ಕೊಬ್ಬು ಎಷ್ಟು ಮಿಲಿಮೀಟರ್ ಎಂದು ಬರೆಯಬೇಕು. ಆ ಕೊಬ್ಬಿನ ಜೀನ್ ಯಾವ ಕ್ರೋಮೋಸೋಮಿನಲ್ಲಿ, ಎಲ್ಲಿ ಕೂತಿದೆ ಅಂತ ವಾರಿಜಾ ಮೇಡಂ ಮ್ಯಾಪ್ ಮಾಡುತ್ತಿದ್ದಾರೆ. ಮೂರು ವರ್ಷದ ಪಿಎಚ್‌.ಡಿ. ಅವರದು; ಅಳತೆಯ ಕೆಲಸ ನನ್ನದು.

ಆದರೆ ನಿನ್ನೆ ಬಿಟಿಎಂ ಎಸ್‌ಟಿಡಿ ಬೂತ್‌ನಿಂದ ಅವ್ವನಿಗೆ ಮಾತು ಕೊಟ್ಟುಬಿಟ್ಟೆ. "ಬ್ಯಾರೆ ದಿನ ಏನರ ಮಾಡ್ಕೊ. ಶ್ರಾವಣ ಸ್ವಾಮಾರ ಮಾತ್ರ ಹಂದಿ ಮುಟ್ಟಬ್ಯಾಡಪ್ಪ. ಕೊಳ್ಳಾಗ ಲಿಂಗ ಐತಿ."

ಮುಟ್ಟಲಿಲ್ಲ. ಗೋಡೆಯಾಚೆ ನಿಂತು ಕಣ್ಣಳತೆಯಲ್ಲೇ ಬರೆದೆ. 18, 22, 15... ಶೆಡ್ ನೋಡಿಕೊಳ್ಳುವ ಬೋರಯ್ಯ ಹಂದಿ ಹಿಡಿದೇ ನಿಂತಿದ್ದ. "ವ್ರತನಾ ಸಾರ್?" ಹೂಂ ಎಂದೆ.

13 ಆಗಸ್ಟ್, ಸೋಮವಾರ

ಕೊನೇ ಸೋಮವಾರ. ಒಟ್ಟು ನಲವತ್ತೆಂಟು ಹಂದಿ, ಎಲ್ಲ ಕಣ್ಣಳತೆ. ಒಂದೆರಡು ಮಿಲಿಮೀಟರ್... ಏನು ಮಹಾ? ಅವ್ವ ಖುಷಿ.

21 ನವೆಂಬರ್

ಮ್ಯಾಪ್ ಬಂತು. ಜೀನ್ ಇರುವ ಕಡೆ ಗುಡ್ಡದ ಹಾಗೆ ಏಳಬೇಕಿದ್ದ ಗೆರೆ ಚಪ್ಪಟೆ. ಮತ್ತೆ ಅಳೆಯೋಣವೆಂದರೆ ಹಂದಿಗಳೆಲ್ಲ ಸೆಪ್ಟೆಂಬರಿನಲ್ಲೇ ಕಟುಕರಿಗೆ ಹೋದವು. ಮೇಡಂ ಕಣ್ಣು ಕೆಂಪಾಗಿತ್ತು.

"ರೇವಣ್, ನಾಲ್ಕು ಸೋಮವಾರದ ಹಂದಿಗಳೇ ಎಡವಟ್ಟು. ಡಿಎನ್ಎ ಒಂದು ಹೇಳುತ್ತೆ, ಕೊಬ್ಬು ಇನ್ನೊಂದು. ಭಾನುವಾರ ಕುಡಿದು ಬಂದು ಬೋರಯ್ಯ ಹಂದಿಗಳನ್ನ ಅದಲುಬದಲು ಮಾಡಿದಾನೆ, ಅಲ್ವಾ?"

ಹೌದೆಂದು ತಲೆಯಾಡಿಸಿದೆ. ಥೂ ನನ್ನ ಜನ್ಮಕ್ಕೆ. ಬೋರಯ್ಯ ಕುಡಿಯುವವನೇ ಅಲ್ಲ.

26 ನವೆಂಬರ್, ಬೆಳಿಗ್ಗೆ 10

ಬೋರಯ್ಯನನ್ನು ಕೆಲಸದಿಂದ ತೆಗೆದರು. ಹದಿನಾಲ್ಕು ವರ್ಷದ ಕೆಲಸ. ಗಮ್‌ಬೂಟ್ ವಾಪಸ್ ಕೊಡಲು ಬಂದಿದ್ದ.

"ಮೇಡಂಗೆ ನಿಜ ಹೇಳಬಾರದಿತ್ತಾ?" ಎಂದೆ. ಕೇಳುವುದಕ್ಕೂ ಮುಖ ಬೇಕು.

"ಹೆಂಗ್ ಹೇಳ್ಲಿ ಸಾರ್? ದೇವ್ರ ವಿಷ್ಯ. ನಿಮ್ ವ್ರತ ನನ್ ಬಾಯಿಂದ ಕೆಡಬಾರ್ದು." ತುಂಬಿದ ಎಣ್ಣೆ ಬಾಟಲಿ ಮೇಜಿನ ಮೇಲಿಟ್ಟ. "ಆ ನಾಲ್ಕು ಸೋಮ್ವಾರದ್ದು. ಹಂಗೇ ಐತೆ."

ಬೂಟು ತೆಗೆದುಕೊಂಡೆ — ಅವನ ಕೈ ತಾಕದ ಹಾಗೆ, ತುದಿಯಲ್ಲಿ ಹಿಡಿದು. ಇವತ್ತು ಶ್ರಾವಣವೂ ಅಲ್ಲ. ಅವನು ನೋಡಿದ. ಗೇಟಿನ ಕಡೆ ನಡೆದ.

ಮಧ್ಯಾಹ್ನ 3

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಎಳೆದವನು ನಾನು.

ನಾಚಿಕೆಯಾಗುತ್ತಿದೆ. ಹಂದಿ ಮುಟ್ಟದ್ದಕ್ಕಿಂತ ಹೆಚ್ಚು, ಆ ಕೈ ಮುಟ್ಟದ್ದಕ್ಕೆ.

ಮೇಡಂ ರೂಮಿನಲ್ಲಿದ್ದಾರೆ. ಬಾಟಲಿ ತೆಗೆದುಕೊಂಡು ಹೋಗುತ್ತೇನೆ. ಕೆಲಸ ಹೋದರೆ ಹೋಗಲಿ. ನಾಲಿಗೆ ತೊದಲಬಾರದು, ಇಲ್ಲೇ ಬರೆದುಕೊಳ್ಳುತ್ತೇನೆ — ಮೇಡಂ, ಬೋರಯ್ಯ ಅಲ್ಲ. ಸೋಮವಾರ ಮುಟ್ಟದೆ ಬರೆದವನು ನಾನು.