ಚಂಪಿ ಕುಣಿದದ್ದು ಯಾವುದಕ್ಕೆ

೧೨ ಫೆಬ್ರುವರಿ ೧೯೩೮, ಶನಿವಾರ. ಯಲವಿಗಿ.

ನಮ್ಮ ನಾಯಿ ಚಂಪಿ ನನ್ನ ಹಾರ್ಮೋನಿಯಂ ಪೇಟಿಗೆ ಕುಣಿಯುತ್ತದೆಂದು ಊರಿಗೆಲ್ಲ ಹೇಳಿಕೊಂಡಿದ್ದೆ. ಇವತ್ತು ಸವಣೂರಿನಲ್ಲಿ ನಾಟಕ ಕಂಪನಿಯ ಮಾಲಕರೆದುರು ಎಷ್ಟು ಬಾರಿಸಿದರೂ ಚಂಪಿ ಕಿವಿ ಕೆರೆದುಕೊಳ್ಳುತ್ತ ಕೂತಿತು. ನಾಳೆ ಇನ್ನೊಮ್ಮೆ ಬಾ ಎಂದರು, ಪುಣ್ಯ.

ಸಂಜೆ ಪೇಟಿ ಮೂಲೆಗಿಟ್ಟೆ. ಹೆಂಡತಿ ಹೊನ್ನವ್ವ ರೊಟ್ಟಿ ಬಡಿಯತೊಡಗಿದಳು. ಚಂಪಿ ಹಿಂಗಾಲ ಮೇಲೆದ್ದು, ಸುತ್ತಿ, ಬಾಗಿ, ಕಲಿಸಿದ್ದನ್ನೆಲ್ಲ ತಪ್ಪದೆ ಕುಣಿಯಿತು! ಅವಳ ಕೈ ನಿಂತರೆ ಅದೂ ಮುಂಗಾಲೆತ್ತಿಕೊಂಡೇ ನಿಂತಿತು.

ದಿನಾ ತಾಲೀಮು ನಡೆಸಿದ್ದು ಅಡುಗೆಮನೆಯ ಬಾಗಿಲಲ್ಲೇ, ಅವಳು ರೊಟ್ಟಿ ಬಡಿಯುವ ಹೊತ್ತಿಗೆ. ಹಾಗಾದರೆ ನಾನು ಇಷ್ಟು ದಿನ ಪೇಟಿ ಬಾರಿಸಿದ್ದು ಯಾರಿಗೆ?

“ಜ್ವಾಳದ ಹಿಟ್ಟು ಕಟ್ಕೊಂಡು ನಾಳೆ ನಾನೂ ಬರ್ಲೇನ್ರಿ?” ಎಂದಳು. ನಗಲಿಲ್ಲ, ನಿಜವಾಗಿಯೇ ಕೇಳಿದಳು.

ಬರಲಿ, ಅದಕ್ಕೇನು. ಆದರೆ ಹ್ಯಾಂಡ್‌ಬಿಲ್ಲಿನಲ್ಲಿ ನಾಯಿ ಕುಣಿಸುವ ವಸ್ತಾದ ಎಂದು ಯಾರ ಹೆಸರು...