ಗೌತಮಿ ಆರಿಸಿದ ಗಿಟಾರ್

ನೌಬಾದ, ಬೀದರ
28 ಏಪ್ರಿಲ್ 2016, ಗುರುವಾರ

ಪ್ರೀತಿಯ ತಮ್ಮ ಗೋರಖನಿಗೆ, ಅಕ್ಕ ಸುಭದ್ರಾಳ ಜೈಭೀಮ್ ಮತ್ತು ತುಂಬುಮನಸ್ಸಿನ ಹಾರೈಕೆ.

ಹೇಗಿದ್ದೀ? ಕೆಮ್ಮು ಕಡಿಮೆಯಾಯಿತೇ? ಕೆಲಸಕ್ಕೆ ನಿಂತಾಗ ಬಾಯಿಗೆ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೋ ಎಂದು ನಾನು ಹೇಳುವುದು, ನೀನು "ಹ್ಞೂಂ ಅಕ್ಕಾ, ಕಟ್ಗೋತೀನಿ" ಎನ್ನುವುದು, ಮಾರನೇ ದಿನ ನಿನ್ನ ಹೆಂಡತಿ ಕೌಸಲ್ಯಾ ಫೋನ್ ಮಾಡಿ "ಎಲ್ಲಿ ಕಟ್ಗೋತಾರ್ರಿ, ಅರಬಿ ಹೆಗಲ ಮ್ಯಾಲೇ ಇರ್ತದ" ಎಂದು ಚಾಡಿ ಹೇಳುವುದು, ಇದೇ ಆಗಿಹೋಯಿತು. ಊರ ಮಂದಿಗೆಲ್ಲ ಗುಳಿಗೆ ನುಂಗಿಸುವ ನರ್ಸ್ ನಾನು. ಒಡಹುಟ್ಟಿದವನ ಮೂಗಿಗೆ ಒಂದು ಚೂರು ಬಟ್ಟೆ ಕಟ್ಟಿಸಲು ನನ್ನ ಕೈಲಾಗುತ್ತಿಲ್ಲ ನೋಡು! ಕೌಸಲ್ಯಾಳ ಸೊಂಟನೋವು ಹೇಗಿದೆ? ಇಟ್ಟಿಗೆ ಹೊರುವ ಕೆಲಸ ಬಿಡಿಸಿ ಅಡುಗೆಯ ಕೆಲಸಕ್ಕೆ ಹಚ್ಚುತ್ತೇನೆ ಎಂದಿದ್ದೆ, ಹಚ್ಚಿದೆಯೋ ಇಲ್ಲವೋ ತಿಳಿಸು. ಭಾಲ್ಕಿಯಿಂದ ಅವಳ ಅವ್ವ ಹೋದ ವಾರ ಬಂದಿದ್ದರು. ಮಗಳು ಸೊರಗಿದ್ದಾಳೇನೋ ಎಂದು ನನ್ನನ್ನೇ ಕೇಳಿದರು. ಇಲ್ಲ, ಗುಂಡಗೆ ಇದ್ದಾಳೆ ಎಂದು ಸುಳ್ಳು ಹೇಳಿ ಚಹ ಕುಡಿಸಿ ಕಳಿಸಿದೆ.

ಕೈಯಲ್ಲಿ ಫೋನಿದ್ದೂ ಕಾಗದ ಬರೆಯುವ ಹುಚ್ಚು ಇವಳಿಗೇಕೆ ಎಂದು ನಗಬೇಡ. ಊರಿಗೆ ಬಂದು ಹಾಡು ಎಂಬ ಮಾತು ತೆಗೆದರೆ ಸಾಕು, ನಿನ್ನ ಫೋನಿಗೆ ಟವರ್ ಸಿಗುವುದಿಲ್ಲ. ಕಾಗದವನ್ನು ನಡುವೆ ಕಟ್ ಮಾಡಲಿಕ್ಕೆ ಬರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹಬೀಬನ ಲಾರಿ ಇಂದು ಹೈದರಾಬಾದಿಗೆ ಹೊರಟಿದೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಟ್ಟಿದ್ದೇನೆ, ಜೊತೆಗೆ ಇದನ್ನೂ ಕೊಡುತ್ತೇನೆ. ಮೊದಲು ಓದು, ಆಮೇಲೆ ರೊಟ್ಟಿ ಮುರಿ.

ಇಲ್ಲಿಯ ಸುದ್ದಿ ಏನು ಹೇಳಲಿ? ಬಿಸಿಲು ಕೆಂಡ ಸುರಿದ ಹಾಗಿದೆ. ನೌಬಾದದಲ್ಲಿ ಟ್ಯಾಂಕರ್ ಬಂದ ದಿನವೇ ಹಬ್ಬ. ನಿನ್ನೆ ಸಂತಪುರಕ್ಕೆ ಹೋಗಿದ್ದೆ, ಔರಾದ ಬಸ್ಸಿನಲ್ಲಿ ಕೂರಲು ಬೇಕಾದಷ್ಟು ಜಾಗ. ಮೊದಲು ಹಾಗಿತ್ತೇ? ಕಾಲಿಡಲು ತೆರಪಿರುತ್ತಿರಲಿಲ್ಲ. ನಮ್ಮ ಓಣಿಯಲ್ಲಿ ನೀನು ಅರ್ಧಕ್ಕೆ ಬಿಟ್ಟು ಹೋದ ಗೋಡೆ ಹಾಗೇ ನಿಂತಿದೆ. ಕುಡಿಯಲಿಕ್ಕೇ ನೀರಿಲ್ಲದಾಗ ಸಿಮೆಂಟು ಕಲಸಲು ಯಾರು ಕೊಡುತ್ತಾರೆ, ಗೌಂಡಿಗೆ ಕೆಲಸ ಎಲ್ಲಿಯದು? ನೀನು ಹೋದದ್ದನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಭೀಮಗೀತೆ ಹಾಡುವ ನಿಮ್ಮ ಮೇಳ ಚೆಲ್ಲಾಪಿಲ್ಲಿಯಾಯಿತಲ್ಲ, ಅದಕ್ಕೆ ಹೊಟ್ಟೆ ಉರಿಯುತ್ತದೆ. ಡೋಲಕ್ ಬಾರಿಸುವ ಕಾಶೀರಾಮ ಪುಣೆಯಲ್ಲಿ, ಹಾರ್ಮೋನಿಯಂ ಪೇಟಿಯ ಮಾಣಿಕ ಮುಂಬೈಯಲ್ಲಿ, ನೀನು ಹೈದರಾಬಾದಿನಲ್ಲಿ. ಬುದ್ಧಪೌರ್ಣಿಮೆಗೆ ಮಾತ್ರ ಎಲ್ಲರೂ ಒಂದು ದಿನದ ಮಟ್ಟಿಗೆ ಊರಿಗೆ ಬಂದು ಬುದ್ಧವಿಹಾರದಲ್ಲಿ ಹಾಡಬೇಕೆಂದು ಹಿರಿಯರು ಹೇಳಿಕಳಿಸಿದ್ದಾರೆ. ಅವರಿಬ್ಬರೂ ಬರುತ್ತಾರೆ. ಒಲ್ಲೆನೆಂದವನು ನೀನೊಬ್ಬನೇ.

ನೀನು ಫೋನಿನಲ್ಲಿ ಹೇಳಿದ್ದು ನನ್ನ ಎದೆಯಲ್ಲಿ ಮುಳ್ಳಿನಂತೆ ಕೂತಿದೆ. "ಅಕ್ಕಾ, ನನ್ನ ಗಂಟಲ ಹೋತು. ಇನ್ನ ನನ್ನ ಹಾಡ ಮುಗೀತು. ಪೋರಿ ಗೌತಮಿಗಿ ಒಂದು ಛಲೋ ಗಿಟಾರ್ ಕೊಡಸು, ನನ್ನ ಬದಲಿ ಆಕಿ ಬಾರಸ್ಲಿ. ದೊಡ್ಡದು, ಜೋರ್ ಆವಾಜಿಂದು. ವಿಹಾರ ತುಂಬಬೇಕು, ನಾ ಇಲ್ಲದ್ದು ಯಾರಿಗೂ ಗೊತ್ತಾಗಬಾರ್ದು." ಆಹಾ, ಎಂಥ ಮಾತು ಆಡಿದೆಯೋ! ದೊಡ್ಡಾಸ್ಪತ್ರೆಗೆ ನಿನ್ನನ್ನು ನಾನೇ ಕರೆದೊಯ್ದಿದ್ದೆ. ಡಾಕ್ಟರು ಗಂಟಲಿಗೆ ನಳಿಕೆ ಇಳಿಸಿ ನೋಡಿ ಏನೆಂದರು? ರೋಗವಿಲ್ಲ, ಕಲ್ಲು ಕೊಯ್ಯುವ ಧೂಳಿಗೆ ಗಂಟಲು ಒರಟಾಗಿದೆ, ದನಿ ದಪ್ಪಗಾಗಿದೆ, ಹಾಡಿದರೆ ಏನೂ ಕೆಡುವುದಿಲ್ಲ ಎಂದರು. ನೀನು ಕೇಳಿಸಿಕೊಂಡದ್ದು ದಪ್ಪ ಎಂಬ ಒಂದೇ ಮಾತು. ಮೊದಲಿನ ಹಾಗೆ ಮೇಲಿನ ಸುರಕ್ಕೆ ಹೋಗಲಾಗದಿದ್ದರೆ ಬಾಯಿಯೇ ತೆರೆಯುವುದಿಲ್ಲ ಎಂದು ಕೂತುಬಿಟ್ಟೆ. ಬಾಬಾಸಾಹೇಬರ ಜಯಂತಿಗೂ ಬರಲಿಲ್ಲ. ನೀನು ಹುಟ್ಟಿದ ಮೇಲೆ ನೀನಿಲ್ಲದ ಜಯಂತಿ ನಾನು ನೋಡಿದ್ದು ಇದೇ ಮೊದಲು. ಮೆರವಣಿಗೆಯಲ್ಲಿ ನಡೆಯುತ್ತಲೇ ಅತ್ತೆ. ಬಿಸಿಲಿಗೆ ಕಣ್ಣುರಿ ಎಂದು ಮಂದಿಗೆ ಹೇಳಿದೆ.

ಇರಲಿ, ಗಿಟಾರಿನ ವಿಷಯಕ್ಕೆ ಬರುತ್ತೇನೆ. ನೀನು ಹೇಳಿದ್ದನ್ನು ನಾನು ತಂದಿಲ್ಲ. ಮೊದಲೇ ಹೇಳಿಬಿಟ್ಟೆ, ಬೈಯುವುದಿದ್ದರೆ ಈಗಲೇ ಬೈದು ಮುಗಿಸಿ ಮುಂದೆ ಓದು. ನಿನ್ನ ಮಗಳನ್ನು ಕರೆದುಕೊಂಡು ಹೋದ ಭಾನುವಾರ ಚೌಬಾರದ ಹಿಂದಿನ ಗಲ್ಲಿಗೆ ಹೋದೆ. ನಿಮ್ಮ ಮೇಳದ ಪೇಟಿ ರಿಪೇರಿ ಮಾಡುತ್ತಿದ್ದ ಚಾಂದ ಪಾಶಾ ಈಗ ಗಿಟಾರೂ ಇಟ್ಟಿದ್ದಾರೆ. ಗೋಡೆಗೆ ಸಾಲಾಗಿ ತೂಗುಹಾಕಿದ್ದಾರೆ, ನೋಡಿದರೆ ಯಾವುದನ್ನು ಬಿಡುವುದು ಯಾವುದನ್ನು ಹಿಡಿಯುವುದು ತಿಳಿಯುವುದಿಲ್ಲ. ನನಗೆ ಕೆಂಪು ಬಣ್ಣದ್ದೊಂದು ಬಹಳ ಹಿಡಿಸಿತು. ಗೌತಮಿ ಅದರ ಕಡೆ ಕತ್ತು ಕೂಡ ಹೊರಳಿಸಲಿಲ್ಲ. "ಅತ್ತಿ, ಸೀರಿ ತಗೊಳಾಕ ಬಂದೀವೇನು?" ಎಂದಳು. ಹದಿನೇಳಕ್ಕೆ ಕಾಲಿಟ್ಟಿಲ್ಲ, ನಾಲಿಗೆ ನೋಡು! ನಿನ್ನದೇ ತದ್ರೂಪ.

ಚಾಂದ ಪಾಶಾ ದೊಡ್ಡ ಹೊಟ್ಟೆಯದೊಂದನ್ನು ಇಳಿಸಿ, "ಅಕ್ಕಾರ, ಕಣ್ ಮುಚ್ಚಿ ಇದು ಒಯ್ರಿ. ಒಮ್ಮಿ ಗೀರಿದ್ರ ಹಾಲ್ ಭರ್ತಿ ಆಗ್ತದ" ಎಂದು ಪಿಕ್ ಎಂಬ ಪ್ಲಾಸ್ಟಿಕ್ ಚೂರಿನಿಂದ ಗೀರಿ ತೋರಿಸಿದರು. ನಿಜವಾಗಿಯೂ ಗಲ್ಲಿಯವರು ತಿರುಗಿ ನೋಡಿದರು. ನೀನು ಹೇಳಿದ್ದು ಇದೇ ಎಂದುಕೊಂಡು ನಾನು ಪರ್ಸಿಗೆ ಕೈ ಹಾಕಿದೆ. ಗೌತಮಿ "ತಡಿ ಅತ್ತಿ" ಎಂದು ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅವಳ ಬಲಗೈ ಅದರ ಹೊಟ್ಟೆಯನ್ನು ದಾಟಿ ತಂತಿ ಮುಟ್ಟಬೇಕಾದರೆ ಹೆಗಲು ಕಿವಿಗೆ ತಾಗುತ್ತಿತ್ತು. "ನಾ ಪಿಕ್ ಹಿಡಿಯಂಗಿಲ್ರಿ, ಬೆರಳಿಲೆ ಬಾರಸ್ತೀನಿ, ಅದೂ ಕುಂತು" ಎಂದಳು. ಚರ್ಚಿನಲ್ಲಿ ನುಡಿಸುವ ಗೆಳತಿಯ ಗಿಟಾರಿನ ಮೇಲೆ ಇವಳು ಕಲಿತದ್ದೇ ಹಾಗೆ, ಒಂದೊಂದೇ ತಂತಿಯನ್ನು ಬೆರಳಿನಿಂದ ಮೀಟುವುದು. ಅಂಥವರಿಗೆ ಬೇಕಾದ ಗಿಟಾರೇ ಬೇರೆ, ಜೋರಾಗಿ ಗೀರುವವರಿಗೆ ಬೇಕಾದದ್ದೇ ಬೇರೆಯಂತೆ. ನನಗೇನು ಗೊತ್ತು, ನಾನು ಎಲ್ಲ ಒಂದೇ ಎಂದುಕೊಂಡಿದ್ದೆ.

ಆಮೇಲೆ ಶುರುವಾಯಿತು ನೋಡು ಅವಳ ಪರೀಕ್ಷೆ. ಒಂದರ ತಂತಿ ಹಲಗೆಯಿಂದ ಎಷ್ಟು ಎತ್ತರದಲ್ಲಿದೆ ಎಂದು ಒಂದು ಕಣ್ಣು ಮುಚ್ಚಿ ನೋಡಿದಳು. ಎತ್ತರವಾದರೆ ಒತ್ತಿ ಒತ್ತಿ ಬೆರಳು ಹಣ್ಣಾಗುತ್ತದಂತೆ, ತೀರ ತಗ್ಗಾದರೆ ತಂತಿ ಗರಗರ ಎನ್ನುತ್ತದಂತೆ. ಇನ್ನೊಂದರ ಕುತ್ತಿಗೆ ಹಿಡಿದು ಬೆರಳುಗಳ ನಡುವೆ ಸಾಕಷ್ಟು ಜಾಗವಿಲ್ಲ ಎಂದಳು. ನಾನು ಗಡಿಗೆ ಕೊಳ್ಳುವಾಗ ಮಾಡುವ ಹಾಗೆ ಹಿಂದಿನ ಹಲಗೆಯನ್ನು ಬಡಿದು ಕಿವಿಯಿಟ್ಟಳು. ಮೇಲಿನಿಂದ ಕೆಳಗಿನವರೆಗೆ ಪ್ರತಿಯೊಂದು ಸುರವನ್ನೂ ಒತ್ತಿ, ಎಲ್ಲಿಯಾದರೂ ಬೇಸೂರಾಗುತ್ತದೆಯೇ ಎಂದು ಕೇಳಿದಳು. ಚಾಂದ ಪಾಶಾ ಎರಡು ಸಲ ಚಹ ತರಿಸಿದರು. ಕೊನೆಗೆ ಮೂಲೆಯಲ್ಲಿದ್ದ ಸಣ್ಣ ಮೈಯ, ಕಂದು ಬಣ್ಣದ, ನೋಡಲಿಕ್ಕೆ ಏನೇನೂ ಅಲ್ಲದ ಒಂದನ್ನು ಎತ್ತಿಕೊಂಡು ಕೂತವಳು ಏಳಲೇ ಇಲ್ಲ.

ನನಗೆ ಸಿಟ್ಟು ಬಂತು. "ಅಪ್ಪ ಏನ್ ಹೇಳ್ಯಾನ? ನೀ ಏನ್ ಮಾಡ್ಲಿಕತ್ತಿ? ಇದರ ಆವಾಜ ಮುಂದಿನ ಸಾಲಿಗೂ ಮುಟ್ಟಂಗಿಲ್ಲ" ಎಂದು ಅಂಗಡಿಯಲ್ಲೇ ಏರುದನಿ ತೆಗೆದೆ. ಚಾಂದ ಪಾಶಾ ಕೂಡ ನನ್ನ ಪಕ್ಷವೇ. "ಬೇಟಿ, ನಿನ್ನ ಗಂಟಲ ತೆಳ್ಳಗ ಅದ, ಅದಕ್ಕ ದೊಡ್ಡದ ಕೆಳಗಿನ ಆಸರ ಬೇಕು" ಎಂದರು. ಗೌತಮಿ ತಲೆ ಎತ್ತದೆ, "ಹಾಡೋಳು ನಾ ಅಲ್ರಿ" ಎಂದಳು. ಆಮೇಲೆ ಅವಳೇ ಗೆದ್ದಳು. ಹೇಗೆ ಗೆದ್ದಳೆಂದು ಕೇಳಬೇಡ, ಹೇಳುವ ಹಾಗಿಲ್ಲ.

ಗಿಟಾರ್ ಮಾತ್ರ ಬಹಳ ಛಲೋ ಇದೆ ಗೋರಖ. ಮೇಲಿನ ಹಲಗೆ ಪದರಪದರವಾಗಿ ಅಂಟಿಸಿದ್ದಲ್ಲ, ಒಂದೇ ಮರದ್ದು. ನುಡಿಸಿದಷ್ಟೂ ಅದರ ನಾದ ಮಾಗುತ್ತದಂತೆ. ಆದರೆ ಅಂಥ ಮರ ಈ ಒಣ ಹವೆಗೆ ಬಿರಿಯುತ್ತದೆ, ಪೆಟ್ಟಿಗೆಯೊಳಗೆ ಸದಾ ಸ್ವಲ್ಪ ತೇವ ಇರಬೇಕು ಎಂದು ಚಾಂದ ಪಾಶಾ ಹೇಳಿ ಕಳಿಸಿದರು. ಮನುಷ್ಯರ ಬಾಯಿ ಒಣಗುತ್ತಿರುವ ಕಾಲದಲ್ಲಿ ಇದಕ್ಕೆ ನೀರು ಕುಡಿಸಬೇಕಂತೆ! ನಿನ್ನ ಮಗಳು ಸಾಬೂನಿನ ಡಬ್ಬಿಗೆ ತೂತು ಕೊರೆದು, ಒದ್ದೆ ಸ್ಪಂಜು ಹಾಕಿ ಒಳಗಿಟ್ಟಿದ್ದಾಳೆ. ಅದಕ್ಕೆ ಬೇಕಾದ ನೀರನ್ನು ತನ್ನ ಸ್ನಾನದ ಪಾಲಿನಿಂದ ತೆಗೆಯುತ್ತಾಳೆ, ನನ್ನ ಕೊಡ ಮುಟ್ಟುವುದಿಲ್ಲ. ನಾನೇ ಕದ್ದು ಒಂದೊಂದು ಚಮಚ ಹನಿಸುತ್ತೇನೆ, ಅವಳಿಗೆ ಹೇಳಬೇಡ. ಓದಿನ ಚಿಂತೆ ನಿನಗೆ ಬೇಡ. ಪರೀಕ್ಷೆ ಚೆನ್ನಾಗಿ ಬರೆದಿದ್ದಾಳೆ. ಸಂಜೆ ಅಂಗಳದಲ್ಲಿ ಅವಳು ನುಡಿಸಲು ಕೂತರೆ ಪಕ್ಕದ ಮನೆಯ ಮುನ್ನಿಬೀ ಮಾಳಿಗೆಯ ಮೇಲೆ ಒಣಹಾಕಿದ ಹಪ್ಪಳ ಎತ್ತುವುದನ್ನೂ ಮರೆತು ನಿಲ್ಲುತ್ತಾಳೆ.

ನಿಮ್ಮಿಬ್ಬರನ್ನೂ ಕಣ್ತುಂಬ ನೋಡಬೇಕೆನಿಸಿದೆ. ಹೊತ್ತಿಗೆ ಸರಿಯಾಗಿ ಉಣ್ಣಿರಿ, ನೆರಳಿನಲ್ಲಿ ಕೂತು ಉಣ್ಣಿರಿ. ಕೌಸಲ್ಯಾಳಿಗೆ ಮುಲಾಮು ಕಳಿಸಿದ್ದೇನೆ, ಹಚ್ಚಿಕೊಳ್ಳಲು ಹೇಳು. ಜೊತೆಯಲ್ಲಿ ಕೆಲಸ ಮಾಡುವ ನಮ್ಮ ಕಡೆಯವರಿಗೆಲ್ಲ ನಾನು ಕೇಳಿದೆನೆಂದು ತಿಳಿಸು. ಬುದ್ಧನ ಕರುಣೆ ನಿಮ್ಮ ತಲೆಯ ಮೇಲೆ ಸದಾ ನೆರಳಾಗಿರಲಿ.

ನಿನ್ನ ಬೈಗುಳದ ಅಕ್ಕ,
ಸುಭದ್ರಾ

ತಾ.ಕ.: ಗೌತಮಿ ಇಲ್ಲಿಯವರೆಗಿನದನ್ನು ಓದಿ, "ಸಾಕು ಅತ್ತಿ, ಇನ್ನೇನೂ ಬರೀಬ್ಯಾಡ" ಎಂದು ಹೇಳಿ, ಟ್ಯಾಂಕರ್ ಬಂತೆಂದು ಕೊಡ ಹಿಡಿದು ಓಡಿದ್ದಾಳೆ. ಹಬೀಬ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಅವಳು ಬರುವುದರೊಳಗೆ ಹೇಳಿಬಿಡುತ್ತೇನೆ. ಜಯಂತಿಯ ದಿನ ಅವಳಿಗೆ ಫೋನ್ ಮಾಡಿ ಮಾತಾಡಿದ ಮೇಲೆ ನೀನು ಕಟ್ ಮಾಡದೆ ಹಾಗೇ ಜೇಬಿಗೆ ಹಾಕಿಕೊಂಡಿದ್ದೆ. ಅವಳ ಮೊಬೈಲಿನಲ್ಲಿ ಮಾತೆಲ್ಲ ತಾನಾಗಿ ರೆಕಾರ್ಡ್ ಆಗುತ್ತದೆ. ಅದರಲ್ಲಿ ನೀನು ಪಾತ್ರೆ ತೊಳೆಯುತ್ತಾ ಹಾಡಿದ್ದೀಯ, ಮೇಳದ ಆ ಮೊದಲ ಹಾಡನ್ನು, ಪೂರ್ತಿ. ಅಂಗಡಿಯಲ್ಲಿ ಅವಳು ನಮಗೆ ಕೇಳಿಸಿದ್ದು ಅದನ್ನೇ. ದೊಡ್ಡ ಗಿಟಾರನ್ನು ಜೊತೆಗೆ ನುಡಿಸಿದಾಗ ಅದರ ದಪ್ಪ ತಂತಿಗಳ ಗುಂಯ್ ಎನ್ನುವ ನಾದದಲ್ಲಿ ನಿನ್ನ ದನಿ ಮುಳುಗಿಹೋಯಿತು. ಸಣ್ಣದರ ಜೊತೆ ಅದು ಸ್ಪಷ್ಟವಾಗಿ ಕೇಳಿಸಿತು. ದನಿ ಕೆಳಗಿಳಿದಿದೆ, ಒರಟಾಗಿದೆ, ಆದರೆ ಸುರ ಕೂದಲಷ್ಟೂ ಸರಿದಿಲ್ಲ ತಮ್ಮಾ! ನಾನು ಅಲ್ಲೇ ಕೂತು ಅತ್ತೆ. ಚಾಂದ ಪಾಶಾ ದೊಡ್ಡದನ್ನು ಮತ್ತೆ ಗೋಡೆಗೆ ತೂಗುಹಾಕಿದರು. ಅವಳು ಆರಿಸಿದ್ದು ನಿನ್ನ ಈಗಿನ ದನಿಗೆ, ಹಳೆಯದಕ್ಕಲ್ಲ. ಅಪ್ಪ ಬರದಿದ್ದರೆ ಯಾರನ್ನು ಹಾಡಿಸುತ್ತೀ ಎಂದು ನಿನ್ನೆ ಕೇಳಿದೆ. "ಯಾರನ್ನೂ ಇಲ್ಲ. ಅಪ್ಪನ ಸಾಲು ಬಂದಾಗ ಕೈ ತಗದು ಸುಮ್ನ ಕೂಡ್ತೀನಿ, ಮಂದಿ ಕಾಯ್ಲಿ" ಎಂದಳು. ಹಟಮಾರಿ, ಇಡೀ ವಿಹಾರದ ಮುಂದೆ ಹಾಗೇ ಕೂರುತ್ತಾಳೆ, ನಾನು ಬಲ್ಲೆ. ಪೌರ್ಣಿಮೆ ಮೇ 21, ಶನಿವಾರ. ಹಿಂದಿನ ದಿನ, ಶುಕ್ರವಾರ ಸಂಜೆಯ ಬಸ್ಸು ಹತ್ತು.